ಏಕವಚನದ ಜನಕ್ಕೆ ಬಹುವಚನದ ಪ್ರಾಸ

ದಲಿತ ಕಾವ್ಯ ಅಂದಕೂಡಲೇ ‘ಅದು ಘೋಷಣೆ, ಬರೀ ಪ್ರಾಸ’ ಎಂದು ಮೂಗು ಮುರಿಯುವ ವಿಮರ್ಶೆಯೊಂದು ನಮ್ಮಲ್ಲಿದೆ. ಈ ಪ್ರಾಸ ಎಲ್ಲಿಂದ ಬಂತು, ಯಾತಕ್ಕೆ ಬಂತು ಎಂದು ಮಾತ್ರ ಆ ವಿಮರ್ಶೆ ಕೇಳಿಕೊಂಡಂತಿಲ್ಲ.

ಹಳಗನ್ನಡ ಕಾವ್ಯಕ್ಕೆ ಎರಡನೆಯ ಅಕ್ಷರದ ಪ್ರಾಸ ಕಡ್ಡಾಯವಾಗಿತ್ತು. 1911ರಲ್ಲಿ ಗೋವಿಂದ ಪೈ ಅದನ್ನು ಬಿಟ್ಟರು. 1950ರ ದಶಕದಲ್ಲಿ ಅಡಿಗರ ಕೈಯಲ್ಲಿ ಕಾವ್ಯ ಮಾತಿನ ಲಯಕ್ಕೆ ತಿರುಗಿತು. ಕವಿತೆ ಒಬ್ಬನೇ ಕೂತು ಓದುವ ವಸ್ತುವಾಯಿತು. ಆದರೆ ಓದುವವರು ಯಾರು? 1971ರ ಜನಗಣತಿಯ ಪ್ರಕಾರ ದೇಶದ ಪರಿಶಿಷ್ಟ ಜಾತಿಗಳಲ್ಲಿ ಅಕ್ಷರಸ್ಥರು ನೂರಕ್ಕೆ 15ರಷ್ಟೂ ಇರಲಿಲ್ಲ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು 1973ರಲ್ಲಿ ಬಸವಲಿಂಗಪ್ಪನವರು ಅಂದ ಮಾತಿನ ಬಿಸಿ ಇನ್ನೂ ಆರಿರಲಿಲ್ಲ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಹೆಸರಲ್ಲೇ ‘ಹಾಡು’ ಇದೆ.

ಅವರ ‘ನನ್ನ ಜನಗಳು’ ಕವಿತೆಗೆ ತರಗತಿಯಲ್ಲಿ ಲಘು-ಗುರು ಹಾಕಿಸಿದರೆ ಮೂರು ಮೂರು ಮಾತ್ರೆಯ ನಡೆ ಸಿಗುತ್ತದೆ. ಆದರೆ ಎಷ್ಟೋ ಸಾಲುಗಳಲ್ಲಿ ಕೊನೆಗೆ ಒಂದು ಮಾತ್ರೆ ಕಮ್ಮಿ. ‘ಸಾರ್, ಛಂದಸ್ಸು ತಪ್ಪಿದೆ’ ಅಂತಾರೆ. ತಪ್ಪಿಲ್ಲ. ಹಾಡಿ ನೋಡಿ, ಕೊನೆಯ ‘ರು’ ತಾನೇ ಎಳೆದುಕೊಂಡು ಲೆಕ್ಕ ತುಂಬಿಕೊಡುತ್ತದೆ.

ಆ ‘ರು’ ಬರುವುದು ‘ಓರು’ ಎಂಬ ಪ್ರತ್ಯಯದಿಂದ. ಇದು ಬರಹದ ‘ಅವರು’ ಅಲ್ಲ. ಹಳೇ ಮೈಸೂರಿನ ಬಾಯಿಮಾತಿನ ‘ಬಂದೋರು, ಹೋದೋರು’. ಬಹುವಚನವೂ ಹೌದು, ಗೌರವವಾಚಕವೂ ಹೌದು. ಊರಲ್ಲಿ ಈ ಮರ್ಯಾದೆ ಯಾರಿಗಿತ್ತು? ಗೌಡ್ರಿಗೆ, ಶಾನುಭೋಗ್ರಿಗೆ, ದೊಡ್ಡೋರು ಅನ್ನಿಸಿಕೊಂಡವರಿಗೆ. ಕೇರಿಯ ಮುದುಕನನ್ನು ಊರಿನ ಚಿಕ್ಕ ಹುಡುಗನೂ ‘ಲೇ, ಬಾರೋ’ ಅನ್ನುತ್ತಿದ್ದ. ಅಂಥ ಏಕವಚನದ ಜನಕ್ಕೆ, ಕಲ್ಲು ಹೊತ್ತವರಿಗೆ, ಒದೆ ತಿಂದವರಿಗೆ, ಹಸಿದೇ ಸತ್ತವರಿಗೆ, ಈ ಕವಿತೆ ಸಾಲು ಸಾಲಿಗೂ ‘ಓರು’ ಹಚ್ಚುತ್ತಾ ಹೋಗುತ್ತದೆ. ಕಿವಿಗೆ ಹಿತವಾಗಲಿ ಎಂದು ತಂದ ಪ್ರಾಸ ಇದಲ್ಲ.

ಪಲ್ಲವಿಯೂ ಒಂದೇ ಥರ ಇಲ್ಲ. ಒಮ್ಮೆ ‘ಜನ’, ಒಮ್ಮೆ ‘ಜನಗಳು’. ‘ಜನ’ ಅಂದರೇ ಬಹಳ ಮಂದಿ, ಮತ್ತೆ ‘ಗಳು’ ಯಾಕೆ ಎಂದು ವ್ಯಾಕರಣದವರು ಕೇಳಬಹುದು. ರಾಶಿಯಾಗಿ ಕಂಡವರನ್ನು ಒಬ್ಬೊಬ್ಬರಾಗಿ ಎಣಿಸೋದಕ್ಕೆ ಅಂತ ನನಗನ್ನಿಸುತ್ತದೆ.

ಇನ್ನು ಘೋಷಣೆಯ ಮಾತು. ಘೋಷಣೆ ಏನನ್ನೋ ಕೇಳುತ್ತದೆ, ಯಾರಿಗೋ ಧಿಕ್ಕಾರ ಹೇಳುತ್ತದೆ. ಇಲ್ಲಿ ಬೇಡಿಕೆಯೇ ಇಲ್ಲ. ಬಹುಪಾಲು ಸಾಲುಗಳಿಗೆ ಪೂರ್ಣ ಕ್ರಿಯಾಪದವೂ ಇಲ್ಲ. ಮಾಡಿದ ಕೆಲಸ, ಪಟ್ಟ ಪಾಡೇ ಆ ಜನರ ಹೆಸರಾಗಿ ನಿಂತಿದೆ. ದೇವರ ಹೆಸರಲ್ಲಿ ಸಿಹಿಯುಂಡವರಿಗೆ ಮೆಟ್ಟು ಹೊಲಿದುಕೊಟ್ಟ ಮಾತು ಬರುವವರೆಗೆ ಎದುರಾಳಿಯ ಮುಖ ಸರಿಯಾಗಿ ಕಾಣುವುದೂ ಇಲ್ಲ. ಕೊನೆಯಲ್ಲಿ ಕ್ರಿಯಾಪದ ಬಂದಾಗ ಅದು ಹೇಳುವುದು ದಂಗೆಯನ್ನಲ್ಲ, ಹೇಳಿದ್ದನ್ನು ಕೇಳಿಕೊಂಡು ಬಿದ್ದಿರುವುದನ್ನು. ಸಿಟ್ಟನ್ನು ಕವಿ ಕೇಳುಗರ ಪಾಲಿಗೆ ಬಿಟ್ಟಿದ್ದಾರೆ.

ಮುಂದೆ ಬಂದ ಎಷ್ಟೋ ಹೋರಾಟದ ಹಾಡುಗಳಲ್ಲಿ ಈ ‘ಓರು’ ಸಲೀಸಾಗಿಬಿಟ್ಟಿತು. ಮೆರವಣಿಗೆಯ ಹೆಜ್ಜೆ ತುಂಬಲೆಂದೇ ಬಂದ ಪ್ರಾಸಗಳೂ ಇವೆ, ನಿಜ. ಅವನ್ನು ತೂಗಿದ ತಕ್ಕಡಿಯಲ್ಲೇ ಇದನ್ನೂ ತೂಗಿದ್ದಾರೆ ಅನ್ನೋದು ನನ್ನ ತಕರಾರು.