ಎಂಜಿನ್ ಕೋಣೆಯ ದಿನಚರಿ

ಕೋಡಂಬಾಕ್ಕಂ ಎಂದೊಡನೆ ಕನ್ನಡಿಗರ ಸ್ಮೃತಿಗೆ ಮೊದಲು ಬರುವುದು ಚಲನಚಿತ್ರ. ನಮ್ಮ ನಾಡಿನಲ್ಲಿ ಚಿತ್ರಶಾಲೆಗಳು ಸಾಕಷ್ಟು ಬೆಳೆಯುವುದಕ್ಕೆ ಮುನ್ನ ಕನ್ನಡದ ನಟರೂ ತಂತ್ರಜ್ಞರೂ ಮದರಾಸಿನ ಈ ಬಡಾವಣೆಯಲ್ಲಿ, ಇದರ ಮಗ್ಗುಲಿನ ವಡಪಳನಿಯಲ್ಲಿ, ವರ್ಷಗಟ್ಟಲೆ ಮನೆ ಮಾಡಿಕೊಂಡಿದ್ದು ದುಡಿದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇದೇ ಊರಿನ ನಡುವೆ ಹಾದುಹೋಗುವ ರೈಲುದಾರಿಗೆ ಇನ್ನೊಂದು ಮುಖವಿದೆ. 1931ರಲ್ಲಿ ವಿದ್ಯುತ್ ಗಾಡಿಗಳು ತಾಂಬರಂನಿಂದ ಬೀಚ್ ನಿಲ್ದಾಣದವರೆಗೆ ಓಡತೊಡಗಿದಂದಿನಿಂದ, ಕೋಡಂಬಾಕ್ಕಂನಲ್ಲಿ ಗಾಡಿ ಹತ್ತಿದವನು ಬಂದರಿನ ಎದುರಿಗೇ ಇಳಿಯುವಂತಾಯಿತು. ಸ್ಟುಡಿಯೋದವರ ನೆರೆಯಲ್ಲಿ ಬಂದರಿನ ಗುಮಾಸ್ತರೂ ಹಡಗಿನ ಎಂಜಿನಿಯರುಗಳೂ ನೆಲೆಸುವುದಕ್ಕೆ ಅನುಕೂಲವಾಯಿತು. ಅಂತಹ ನೆರೆಯವರೊಬ್ಬರ ಮುಖಾಂತರವೇ, ಸಾಮಾನ್ಯ ಓದುಗನ ಕಣ್ಣಿಗೆ ಎಂದೂ ಬೀಳದ ಒಂದು ಪುಸ್ತಕದ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು. ಹಡಗಿನ ತಳದಲ್ಲಿ, ಯಂತ್ರದ ಪಕ್ಕದಲ್ಲಿ, ಹಗಲಿರುಳೆನ್ನದೆ ಬರೆಯಲ್ಪಡುವ ಎಂಜಿನ್ ಕೋಣೆಯ ಲಾಗ್ ಪುಸ್ತಕವೇ ಅದು.

ಈ ಪುಸ್ತಕದ ವಂಶಮೂಲವನ್ನು ಅರಸುತ್ತ ಹೋದರೆ ನಾವು ತಲಪುವುದು ಗಣಿಗೆ. ಜೇಮ್ಸ್ ವಾಟನೂ ಅವನ ಪಾಲುದಾರ ಮ್ಯಾಥ್ಯೂ ಬೋಲ್ಟನನೂ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಳಲ್ಲಿ ನೀರೆತ್ತುವ ಉಗಿಯಂತ್ರಗಳನ್ನು ಸ್ಥಾಪಿಸಿದಾಗ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯುವುದೋ ಅದರ ಬೆಲೆಯಲ್ಲಿ ಮೂರನೆಯ ಒಂದು ಪಾಲು ತಮಗೆ ಸಲ್ಲಬೇಕೆಂದು ಕರಾರು ಮಾಡಿಕೊಂಡರು. ಉಳಿತಾಯವನ್ನು ಅಳೆಯಬೇಕಾದರೆ ಯಂತ್ರ ಎಷ್ಟು ಸಲ ಆಡಿತೆಂಬುದು ತಿಳಿಯಬೇಕಷ್ಟೆ. ಅದಕ್ಕಾಗಿ ಯಂತ್ರದ ತೊಲೆಗೆ ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಜೋಡಿಸಿ, ಅದರೊಳಗೆ ಪ್ರತಿ ಹೊಡೆತವನ್ನೂ ಎಣಿಸುವ ಸಾಧನವನ್ನಿರಿಸಿದರು. ಮುಂದೆ 1811ರಲ್ಲಿ ಜೋಯಲ್ ಲೀನ್ ಎಂಬಾತನು, ಯಾವ ಗಣಿಯ ಯಂತ್ರ ಒಂದು ಬುಷೆಲ್ ಕಲ್ಲಿದ್ದಲಿಗೆ ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತಿತೆಂಬ ಲೆಕ್ಕವನ್ನು ತಿಂಗಳು ತಿಂಗಳೂ ಪ್ರಕಟಿಸುವ ಏರ್ಪಾಡನ್ನು ಆರಂಭಿಸಿದನು. ತಮ್ಮ ಯಂತ್ರದ ಅಂಕಿ ನೆರೆಯ ಗಣಿಯ ಅಂಕಿಗಿಂತ ಕೆಳಗಿರುವುದನ್ನು ಅಚ್ಚಿನಲ್ಲಿ ಕಂಡ ಎಂಜಿನಿಯರುಗಳು ಸುಮ್ಮನೆ ಕುಳಿತಿರಲಿಲ್ಲ. ಕಾರ್ನ್‌ವಾಲಿನ ಯಂತ್ರಗಳು ಕೆಲವೇ ದಶಕಗಳಲ್ಲಿ ಸಾಧಿಸಿದ ಉನ್ನತಿಗೆ ಈ ಮಾಸಿಕ ಪಟ್ಟಿಯೂ ಒಂದು ಪ್ರಬಲ ಕಾರಣವೆಂದು ನನ್ನ ಎಣಿಕೆ.

ಯಂತ್ರ ಸಮುದ್ರಕ್ಕಿಳಿದಾಗ ಈ ಲೆಕ್ಕಕ್ಕೆ ಪ್ರಾಣಸಂಕಟದ ಗಾಂಭೀರ್ಯ ಬಂದಿತು. ಗಣಿಯಲ್ಲಿ ಕಲ್ಲಿದ್ದಲು ತೀರಿದರೆ ಗಾಡಿಯಲ್ಲಿ ಮತ್ತಷ್ಟು ತರಬಹುದು, ನಡುಗಡಲಿನಲ್ಲಿ ತರುವುದೆಲ್ಲಿಂದ? 1825ರಲ್ಲಿ ಎಂಟರ್‌ಪ್ರೈಸ್ ಎಂಬ ಹಡಗು ಇಂಗ್ಲೆಂಡಿನ ಫಾಲ್ಮತ್ತಿನಿಂದ ಕಲ್ಕತ್ತೆಯ ದಾರಿಯನ್ನು 113 ದಿನಗಳಲ್ಲಿ ಕ್ರಮಿಸಿದಾಗ, ಅದರಲ್ಲಿ ಬಹಳಷ್ಟು ದಿನ ಹಾಯಿಯನ್ನೇ ಆಶ್ರಯಿಸಬೇಕಾಯಿತು. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಬಾಯ್ಲರಿನೊಳಗಿತ್ತು. ಆ ಕಾಲದ ಬಾಯ್ಲರುಗಳು ಸಮುದ್ರದ ನೀರನ್ನೇ ಕುದಿಸುತ್ತಿದ್ದುವು. ಕಡಲ ನೀರಿನಲ್ಲಿ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲು ಉಪ್ಪು. ಉಗಿ ಹೊರಟುಹೋದಂತೆಲ್ಲ ಒಳಗಿನ ಉಪ್ಪು ಗಟ್ಟಿಯಾಗುತ್ತ ಹೋಗಿ, ಮಿತಿಮೀರಿದರೆ ತಗಡಿನ ಮೇಲೆ ಹೆಕ್ಕಳೆಯಂತೆ ಕೂತು, ಬೆಂಕಿಯ ಕಾವು ನೀರಿಗೆ ದಾಟದೆ ತಗಡೇ ಕೆಂಪಗೆ ಕಾದು ಕುಸಿಯುತ್ತಿತ್ತು. ಆದಕಾರಣ ಎಂಜಿನಿಯರು ನಿಯತಕಾಲದಲ್ಲಿ ಬಾಯ್ಲರಿನ ನೀರನ್ನು ಪಾತ್ರೆಯಲ್ಲಿ ಹಿಡಿದು, ಮೂವತ್ತೆರಡರ ಪಾಲುಗಳಲ್ಲಿ ಗೆರೆ ಕೊರೆದ ಮಾಪಕವನ್ನು ಅದರಲ್ಲಿ ತೇಲಿಬಿಟ್ಟು, ಉಪ್ಪು ಎರಡು ಪಾಲೋ ಎರಡೂವರೆಯೋ ಎಂದು ನೋಡಿ, ಹೆಚ್ಚಾಗಿದ್ದರೆ ಒಂದಿಷ್ಟು ನೀರನ್ನು ಕಡಲಿಗೆ ಬಿಟ್ಟು ಹೊಸ ನೀರು ತುಂಬಿಸಿ, ಆ ಅಂಕಿಯನ್ನು ಲಾಗಿನಲ್ಲಿ ಬರೆಯಬೇಕಾಗಿತ್ತು. ಹಿಂದಿನ ಪಾಳಿಯವನು ಬರೆಯದೆ ಹೋದರೆ ಮುಂದಿನ ಪಾಳಿಯವನಿಗೆ ಬಾಯ್ಲರಿನ ಸ್ಥಿತಿ ತಿಳಿಯುವ ಬಗೆಯೇ ಇಲ್ಲ. ಒಂದು ಅಂಕಿ ನೂರು ಜನರ ಜೀವವನ್ನು ಕಾಯುವುದೆಂಬ ಮಾತು ಇಲ್ಲಿ ಅಲಂಕಾರವಲ್ಲ, ಅಕ್ಷರಶಃ ಸತ್ಯ.

ಪುಟದ ಸ್ವರೂಪ ಕ್ರಮೇಣ ನಿಂತಿತು. ಪಾಳಿ ನಾಲ್ಕು ನಾಲ್ಕು ಗಂಟೆಗಳದು. ನಾಲ್ಕರಿಂದ ಎಂಟು ಸೆಕೆಂಡ್ ಎಂಜಿನಿಯರನದು, ಹನ್ನೆರಡರಿಂದ ನಾಲ್ಕು ಥರ್ಡ್ ಎಂಜಿನಿಯರನದು, ಎಂಟರಿಂದ ಹನ್ನೆರಡು ಫೋರ್ತನದು ಎಂಬುದು ರೂಢಿ. ಉಗಿಯ ಒತ್ತಡ, ಕಂಡೆನ್ಸರಿನ ನಿರ್ವಾತ, ಕಡಲ ನೀರಿನ ಉಷ್ಣತೆ, ಸುಟ್ಟ ಕಲ್ಲಿದ್ದಲು, ಮೇಲೆತ್ತಿ ಎಸೆದ ಬೂದಿಯ ಬಕೆಟ್ಟುಗಳು, ಇವೆಲ್ಲಕ್ಕೂ ಒಂದೊಂದು ಅಂಕಣ. ಮಧ್ಯಾಹ್ನ ಹನ್ನೆರಡಕ್ಕೆ ಚೀಫ್ ಎಂಜಿನಿಯರು ದಿನದ ಲೆಕ್ಕವನ್ನು ಕೂಡಿಸಿ ಕಪ್ತಾನನಿಗೆ ಕಳುಹಿಸುತ್ತಿದ್ದನು. ಈ ಮಧ್ಯಾಹ್ನದ ಗಣಿತದಲ್ಲಿ ಒಂದು ಸೊಗಸಿದೆ. ಪ್ರೊಪೆಲರ್ ಒಂದು ಸುತ್ತಿಗೆ ಹದಿನಾರು ಅಡಿ ಮುಂದೆ ತಳ್ಳುವಂತಹುದು, ಯಂತ್ರ ನಿಮಿಷಕ್ಕೆ 60 ಸುತ್ತು ತಿರುಗಿತು ಎಂದುಕೊಳ್ಳೋಣ. ಗಂಟೆಗೆ 57,600 ಅಡಿ; 6,080 ಅಡಿಯ ನಾಟಿಕಲ್ ಮೈಲಿಯಲ್ಲಿ ದಿನಕ್ಕೆ ಸುಮಾರು 227 ಮೈಲಿ. ಆದರೆ ಮೇಲೆ ಸೂರ್ಯನನ್ನು ಅಳೆದ ಕಪ್ತಾನನು ಹಡಗು ನಡೆದದ್ದು 209 ಮೈಲಿ ಮಾತ್ರವೆನ್ನುತ್ತಾನೆ. ನಡುವಣ ನೂರಕ್ಕೆ ಎಂಟರಷ್ಟು ಅಂತರವೇ ಜಾರು. ಅದು ದಿನದಿನಕ್ಕೆ ಏರುತ್ತಿದ್ದರೆ ಗಾಳಿ ಎದುರಾಗಿದೆ, ಇಲ್ಲವೇ ಹಡಗಿನ ಅಡಿಯಲ್ಲಿ ಪಾಚಿ ಚಿಪ್ಪುಗಳು ಬೆಳೆದಿವೆ. ಸೂರ್ಯನನ್ನು ಕಾಣದವನ ಅಂಕಿಯೂ ಯಂತ್ರವನ್ನು ಕಾಣದವನ ಅಂಕಿಯೂ ದಿನಕ್ಕೊಮ್ಮೆ ಹೀಗೆ ಸಂಧಿಸಿ ಒಂದನ್ನೊಂದು ಪರೀಕ್ಷಿಸುತ್ತಿದ್ದುವು.

ಮೇಲೆ ಹೇಳಿದ ನನ್ನ ನೆರೆಯವರು ಹೊನ್ನಾವರದ ಕಡೆಯವರು, ಬಹುಕಾಲ ಡೀಸೆಲ್ ಹಡಗುಗಳಲ್ಲಿ ದುಡಿದು ಚೀಫ್ ಎಂಜಿನಿಯರರಾಗಿ ನಿವೃತ್ತರಾದವರು. ತಮ್ಮ ಬಳಿ ಉಳಿದಿದ್ದ ಲಾಗಿನ ಒಂದು ಕಚ್ಚಾ ಪುಸ್ತಕವನ್ನು ಅವರು ನನ್ನ ಮುಂದೆ ಬಿಡಿಸಿಟ್ಟರು. ಪುಟಗಳ ಅಂಚಿನಲ್ಲಿ ಎಣ್ಣೆಯ ಹೆಬ್ಬೆರಳಿನ ಗುರುತು. ಆರು ಸಿಲಿಂಡರುಗಳಿಗೆ ಆರು ಅಂಕಣ, ಪ್ರತಿಯೊಂದರ ಕೆಳಗೂ ಹೊರಬೀಳುವ ಹೊಗೆಯ ಉಷ್ಣತೆ. ನಾಲ್ಕನೆಯ ಅಂಕಣದ ಮೇಲೆ ಅವರು ಬೆರಳಾಡಿಸಿದರು: 340, 345, 345, 355, 370. ಯಾವ ಒಂದು ಪಾಳಿಯಲ್ಲಿ ನೋಡಿದರೂ ಏರಿಕೆ ಗಾಬರಿಗೊಳಿಸುವಷ್ಟಿರಲಿಲ್ಲ. ಪುಟಗಳನ್ನು ಹಿಂದಕ್ಕೆ ಮಗುಚಿದಾಗ ಮಾತ್ರ ಫ್ಯೂಯೆಲ್ ವಾಲ್ವ್ ಕೆಡುತ್ತ ಬಂದದ್ದು ಕಂಡಿತಂತೆ. “ಕೆಳಗೆ ಇಳದ ಕೂಡ್ಲೆ ಪುಸ್ತಕ ಬರಿಯೂದಲ್ಲ ತಮಾ. ಮೊದ್ಲು ಒಂದು ಸುತ್ತು ಬರೂದು, ಬೇರಿಂಗಿಗೆ ಕೈ ಹಚ್ಚಿ ನೋಡೂದು, ಆಮೇಲೆ ಪೆನ್ಸಿಲ್ ಹಿಡಿಯೂದು” ಎಂದರು. ಇಂತಹ ಕಚ್ಚಾ ಪುಸ್ತಕದಿಂದ ಶುದ್ಧಪ್ರತಿಯನ್ನು ಆಮೇಲೆ ಶಾಯಿಯಲ್ಲಿ ಎತ್ತಿ ಬರೆಯುತ್ತಾರೆ. ನನಗಾದರೋ ಗೌರವ ಹುಟ್ಟಿದ್ದು ಎಣ್ಣೆ ಹತ್ತಿದ ಪ್ರತಿಯ ಮೇಲೆಯೇ.

ಮದರಾಸಿನ ತೀರಕ್ಕೂ ಈ ಇತಿಹಾಸಕ್ಕೂ ಇರುವ ನಂಟು ಹಳೆಯದು. ಸ್ವಾಭಾವಿಕ ಬಂದರಿಲ್ಲದ ಈ ಊರಿನೆದುರು 1842ರ ಸುಮಾರಿನಿಂದ ಪಿ. ಅಂಡ್ ಓ. ಕಂಪೆನಿಯ ಉಗಿಹಡಗುಗಳು ದೂರದಲ್ಲೇ ಲಂಗರು ಹಾಕಿ, ಅಲೆಗಳನ್ನು ಸೀಳಿಕೊಂಡು ಬರುವ ಮಸೂಲಾ ದೋಣಿಗಳಿಗೆ ಜನವನ್ನೂ ಟಪ್ಪಾಲನ್ನೂ ಇಳಿಸುತ್ತಿದ್ದುವು. 1875ರಲ್ಲಿ ಬಂದರಿಗೆ ಅಸ್ತಿಭಾರ ಬಿದ್ದಿತು, 1881ರ ಚಂಡಮಾರುತ ಕಟ್ಟಿದ್ದನ್ನು ಕೆಡವಿತು. ಇಂದಿನ ಸುರಕ್ಷಿತ ಪ್ರವೇಶದ್ವಾರ ಸರ್ ಫ್ರಾನ್ಸಿಸ್ ಸ್ಪ್ರಿಂಗರ ಅಧ್ಯಕ್ಷತೆಯ ಕಾಲದ್ದು. ಅದೇ ಸ್ಪ್ರಿಂಗರ ಬಂದರು ಕಛೇರಿಯ ಲೆಕ್ಕಪತ್ರ ವಿಭಾಗದಲ್ಲಿ 1912ರ ಮಾರ್ಚಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತನಾಗಿ ಸೇರಿದವನು ಶ್ರೀನಿವಾಸ ರಾಮಾನುಜನ್ ಎಂಬುದನ್ನು ನೆನೆದಾಗ, ಬಂದರಿನ ಅಂಕಿ ಬರೆಯುವ ವೃತ್ತಿಯ ಬಗೆಗೆ ಹೃದಯದಲ್ಲಿ ಒಂದು ಪ್ರೀತಿ ಮೂಡದಿರದು. 1926ರಲ್ಲಿ ನಿರ್ಮಿತವಾದ ರಜೂಲಾ ಹಡಗು ನಾಲ್ಕು ದಶಕಗಳಿಗೂ ಮೀರಿ ಇಲ್ಲಿಂದ ನಾಗಪಟ್ಟಣ, ಪಿನಾಂಗ್, ಸಿಂಗಪುರಗಳಿಗೆ ಜನರನ್ನು ಹೊತ್ತಿತು. ಅವರ ಡೆಕ್ಕಿನ ಕೆಳಗೆ ಅಷ್ಟು ವರ್ಷವೂ ಈ ಪುಸ್ತಕದ ಪುಟಗಳು ತುಂಬುತ್ತಲೇ ಇದ್ದುವು.

ಕೋಡಂಬಾಕ್ಕಂನ ಪಕ್ಕದ ನುಂಗಂಬಾಕ್ಕಂನಲ್ಲಿ 1792ರಲ್ಲಿ ಸ್ಥಾಪಿತವಾದ ವೀಕ್ಷಣಾಲಯವನ್ನೂ ಇಲ್ಲಿ ಸ್ಮರಿಸಬೇಕು. ದಕ್ಷಿಣದ ರೈಲುಗಳು ಬಹುಕಾಲ ಅನುಸರಿಸಿದ ಮದರಾಸು ಕಾಲಮಾನ ಅಲ್ಲಿಯದು. ಕಾಲದ ನಿಷ್ಕೃಷ್ಟತೆ ಎಂಜಿನ್ ಕೋಣೆಗೆ ಎಷ್ಟು ಅವಶ್ಯಕವೆಂಬುದು ಹಡಗು ಬಂದರಿನಿಂದ ಹೊರಡುವಾಗ ಗೊತ್ತಾಗುತ್ತದೆ. ಹೊರಡುವ ಮೊದಲು ಮೇಲಿನ ಬ್ರಿಜ್ಜಿನ ಗಡಿಯಾರವನ್ನೂ ಕೆಳಗಿನ ಗಡಿಯಾರವನ್ನೂ ಸರಿಹೊಂದಿಸಿ, ಹೊಂದಿಸಿದೆವೆಂದು ಬರೆದಿಡುತ್ತಾರೆ. ಆಮೇಲೆ ಬ್ರಿಜ್ಜಿನಿಂದ ಟೆಲಿಗ್ರಾಫ್ ಎಂಬ ಸಂಕೇತಯಂತ್ರದಲ್ಲಿ ಬಂದ ಒಂದೊಂದು ಆಜ್ಞೆಯೂ, ನಿಧಾನ ಮುಂದೆ, ನಿಲ್ಲಿಸು, ಪೂರ್ಣವೇಗ ಹಿಂದೆ, ಯಾವ ನಿಮಿಷಕ್ಕೆ ಬಂತೆಂದು ಪ್ರತ್ಯೇಕ ಪುಸ್ತಕದಲ್ಲಿ ದಾಖಲಾಗುತ್ತದೆ. ಎರಡು ಹಡಗುಗಳು ಡಿಕ್ಕಿ ಹೊಡೆದ ಮೇಲೆ ವಿಚಾರಣಾಧಿಕಾರಿ ಮೇಲಿನ ಪುಸ್ತಕವನ್ನೂ ಕೆಳಗಿನ ಪುಸ್ತಕವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುತ್ತಾನೆ. ಚಿತ್ರಶಾಲೆಗಳಲ್ಲಿಯೂ ಪ್ರತಿ ಟೇಕಿಗೆ ಕ್ಯಾಮೆರಾದವರದೊಂದು, ಧ್ವನಿಯವರದೊಂದು ವರದಿ ಇರುತ್ತದೆ. ಸಂಕಲನದ ಮೇಜಿನ ಮೇಲೆ ಎರಡೂ ಒಂದಕ್ಕೊಂದು ತಾಳೆಯಾಗಬೇಕು.

ಅಂಕಿಯನ್ನು ಯಂತ್ರದಿಂದ ಓದದೆ ಕುರ್ಚಿಯಲ್ಲಿ ಕುಳಿತು ಹುಟ್ಟಿಸುವ ದುರಭ್ಯಾಸವೂ ಈ ಪುಸ್ತಕದಷ್ಟೇ ಹಳೆಯದಿರಬೇಕು. ಕಾನೂನು ಇದನ್ನು ಗಂಭೀರವಾಗಿ ಎಣಿಸಿದ್ದು ಕಡಲಿಗೆ ಎಣ್ಣೆ ಸುರಿಯುವ ಪಿಡುಗು ಬಂದ ಮೇಲೆ. 1954ರ ಅಂತರರಾಷ್ಟ್ರೀಯ ಒಪ್ಪಂದ ಎಣ್ಣೆಯ ದಾಖಲೆ ಪುಸ್ತಕವನ್ನು ವಿಧಿಸಿತು. 1983ರಲ್ಲಿ ಜಾರಿಗೆ ಬಂದ ಮಾರ್ಪೋಲ್ ನಿಯಮಾವಳಿ ಅದನ್ನು ಬಿಗಿಗೊಳಿಸಿತು. ತಳದಲ್ಲಿ ಸಂಗ್ರಹವಾದ ಕೊಳೆನೀರನ್ನು ಹೊರಬಿಡಬೇಕಾದರೆ ಅದರಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರಕೂಡದು. ಯಾವ ತೊಟ್ಟಿಯಿಂದ ಯಾವ ತೊಟ್ಟಿಗೆ, ಎಷ್ಟು, ಎಂದು, ಎಲ್ಲಿ ಎಂಬುದನ್ನು ತಡವಿಲ್ಲದೆ ಬರೆದು ಕೆಲಸ ಮಾಡಿಸಿದ ಅಧಿಕಾರಿ ಸಹಿ ಮಾಡಬೇಕು. ಪುಟ ತುಂಬಿದಾಗ ಕಪ್ತಾನನ ಸಹಿ ಬೀಳಬೇಕು. ಕೊನೆಯ ದಾಖಲೆಯ ತರುವಾಯ ಪುಸ್ತಕ ಮೂರು ವರ್ಷ ಹಡಗಿನಲ್ಲಿರಬೇಕು. ಗುಪ್ತ ಕೊಳವೆಯಿಂದ ಎಣ್ಣೆನೀರನ್ನು ಕಡಲಿಗೆ ಬಿಟ್ಟು ಪುಸ್ತಕದಲ್ಲಿ ಸುಳ್ಳು ಬರೆದ ಪ್ರಕರಣವೊಂದರಲ್ಲಿ, 2016ರಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪೆನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು ನಾಲ್ಕು ಕೋಟಿ ಡಾಲರು ದಂಡ ತೆರಲು ಸಮ್ಮತಿಸಿತು. ಗುಟ್ಟನ್ನು ಹೊರಗೆ ತಂದವನು ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಕಿರಿಯ ಎಂಜಿನಿಯರು.

ಎಣ್ಣೆ ಕಡಲಿಗೆ ಬಿದ್ದರೆ ಏನಾಗುವುದೆಂಬುದನ್ನು ಮದರಾಸಿನವರು 2017ರ ಜನವರಿ 28ರಂದು, ಎಣ್ಣೂರಿನ ಕಾಮರಾಜರ್ ಬಂದರಿನ ಹೊರಗೆ ಬಿ.ಡಬ್ಲ್ಯು. ಮೇಪಲ್ ಮತ್ತು ಡಾನ್ ಕಾಂಚೀಪುರಂ ಎಂಬ ಹಡಗುಗಳು ಡಿಕ್ಕಿಯಾದಾಗ ಕಣ್ಣಾರೆ ಕಂಡರು. ಅದು ಅಪಘಾತ, ಕಳ್ಳತನವಲ್ಲ. ಆದರೂ ತೀರದ ಕಲ್ಲುಗಳ ನಡುವಣ ಕಪ್ಪು ಲೋಳೆಯನ್ನು ಬಕೆಟ್ಟುಗಳಲ್ಲಿ ಬಳಿದು ಹಾಕಿದ ಬೆಸ್ತರಿಗೂ ಸ್ವಯಂಸೇವಕರಿಗೂ ಹಡಗಿನ ಎಣ್ಣೆಗೆ ಲೆಕ್ಕವಿರಬೇಕಾದ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬರೆದಿಟ್ಟ ಪುಸ್ತಕ ಬರೆಯದೆ ಬಿಟ್ಟದ್ದೂ ಉಂಟು, ಅದನ್ನು ನೆನೆದರೆ ವ್ಯಸನವಾಗುತ್ತದೆ. ಕುಲುಮೆಗೆ ಕಲ್ಲಿದ್ದಲು ಉಣಿಸಿದ ಆಗ್‌ವಾಲಾಗಳು, ಅದನ್ನು ಹೊತ್ತು ತಂದ ಕೋಯ್ಲಾವಾಲಾಗಳು, ಎಣ್ಣೆ ಹಾಕುವ ತೇಲ್‌ವಾಲಾಗಳು, ಇವರ ಮೇಲಿನ ತಾಂಡೇಲರು, ಸೆರಾಂಗರು, ಸಿಲ್ಹೆಟ್ಟಿನಿಂದ, ಪಂಜಾಬಿನಿಂದ ಬಂದ ಈ ಸಾವಿರಾರು ಮಂದಿಯ ಬೆವರು ‘ಕಲ್ಲಿದ್ದಲು, ಇಷ್ಟು ಟನ್ನು’ ಎಂಬ ಒಂದು ಅಂಕಣದಲ್ಲಿ ಅಡಗಿಹೋಗಿದೆ. ಹೆಸರು ಹಾಜರಿಪಟ್ಟಿಯಲ್ಲುಂಟು, ಯಾವ ಪಾಳಿಯಲ್ಲಿ ಯಾರ ಕೈಯಿಂದ ಒತ್ತಡದ ಮುಳ್ಳು ಕದಲದೆ ನಿಂತಿತೆಂಬುದು ಎಲ್ಲಿಯೂ ಇಲ್ಲ.

ತಪ್ಪನ್ನು ತಿದ್ದುವ ವಿಧಿ ಮಾತ್ರ ಮೊದಲಿನಿಂದಲೂ ಒಂದೇ. ಅಂಕಿಯನ್ನು ಕೆರೆದು ಅಳಿಸುವಂತಿಲ್ಲ, ಪುಟ ಹರಿಯುವಂತಿಲ್ಲ. ಮೊದಲಿನದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಬೇಕು. 2020ರ ಅಕ್ಟೋಬರ್ ಒಂದರಿಂದ ಮಾರ್ಪೋಲಿನ ದಾಖಲೆಗಳನ್ನು ಕಾಗದಕ್ಕೆ ಬದಲಾಗಿ ಗಣಕಯಂತ್ರದಲ್ಲಿ ಇಡಲು ಅನುಮತಿ ದೊರೆತಾಗಲೂ, ತಿದ್ದುಪಡಿಯಾದಲ್ಲೆಲ್ಲ ಮೂಲ ದಾಖಲೆಯೂ ತಿದ್ದಿದವನ ಗುರುತೂ ಉಳಿದಿರತಕ್ಕದ್ದೆಂಬ ನಿಬಂಧನೆಯನ್ನು ಜೊತೆಗೇ ಸೇರಿಸಲಾಯಿತು.