ಮೋಸ ಮನೆಬಾಗಿಲಿಗೆ ಬರ್ತದ, ಸೇವೆ ಯಾಕ ಬರಂಗಿಲ್ಲ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳಿಂದ ದುಡಿಯೋ ವಯಸ್ಸಿನವರು ಗೋವಾ, ಪುಣೆ, ಬೆಂಗಳೂರು ಅಂತ ಗುಳೆ ಹೋದ ಮೇಲೆ ಊರಲ್ಲಿ ಉಳಿಯೋರು ಹಿರಿಯರು. ಮೊಣಕಾಲು ನೋವಿಗೆ ಎಣ್ಣೆ ಮಾರೋನು, ‘ಸಕ್ಕರಿ ಕಾಯಿಲೆ ಬೇರುಸಹಿತ ಕೀಳ್ತೀನಿ’ ಅನ್ನೋನು, ‘ಆಯುಷ್ಮಾನ್ ಕಾರ್ಡ್ ಮಾಡಿಸ್ತೀನಿ, ಐನೂರು ಕೊಡ್ರಿ’ ಅನ್ನೋನು ಅವರ ಕಟ್ಟೆಗೇ ಬರ್ತಾರೆ. ಸರ್ಕಾರಿ ಸೇವೆ ಕಚೇರಿಯಲ್ಲೇ ಕೂತಿರ್ತದೆ.

‘ಹಳ್ಳಿ ಮಂದಿಗೆ ತಿಳಿವಳಿಕೆ ಕಡಿಮೆ’ ಅನ್ನೋ ವಾದ ನಾನು ಒಪ್ಪೋದಿಲ್ಲ. ಕಷ್ಟ ಬಂದಾಗ ಯಾರೇ ಆಗಲಿ ಹತ್ತಿರ ಇದ್ದವರನ್ನೇ ನಂಬ್ತಾರೆ. ಹತ್ತಿರ ಯಾರಿದ್ದಾರೆ ಅನ್ನೋದೇ ಪ್ರಶ್ನೆ. ಆ ಜಾಗದಲ್ಲಿ ನೀವು ನಿಲ್ಲಬೇಕು ಅಂತ ಈ ಟಿಪ್ಪಣಿ.

ಆಸ್ಪತ್ರೆ ಖರ್ಚು

‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪಡೆದು ಖಾಸಗಿ ಆಸ್ಪತ್ರೆ. ಎಷ್ಟೋ ಮಂದಿ ದುಡ್ಡು ಕಳೆದುಕೊಳ್ಳೋದು ಈ ಒಂದು ಚೀಟಿ ಇಲ್ಲದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಇರ್ತಾರೆ, ಮೊದಲು ಅವರನ್ನು ಹುಡುಕಿ. ಇಂಡಿ ಕಡೆಯಿಂದ ಸೊಲ್ಲಾಪುರಕ್ಕೆ ಹೋಗೋರು ಅಲ್ಲಿ ಈ ಯೋಜನೆ ನಡೀತದಾ ಅಂತ ಹೊರಡುವ ಮುಂಚೆಯೇ ಕೇಳಿಕೊಳ್ಳಿ.

70 ದಾಟಿದ ಎಲ್ಲರಿಗೂ ಆದಾಯ ನೋಡದೆ ಚಿಕಿತ್ಸೆ ಕೊಡುವ ‘ಆಯುಷ್ಮಾನ್ ವಯ ವಂದನಾ’ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ತಂದಿತು. ಅದನ್ನು ನಂಬಿ ಆಸ್ಪತ್ರೆಗೆ ಹೋಗುವ ಮುಂಚೆ, ಆ ಆಸ್ಪತ್ರೆ ಒಪ್ಪುತ್ತದಾ ಅಂತ 14555ಕ್ಕೆ ಕೇಳಿ.

ಮೋಸ ಕೆಳಗಷ್ಟೇ ಇಲ್ಲ. ಆಯುಷ್ಮಾನ್ ಯೋಜನೆ ಕುರಿತು 2023ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ, 7,49,820 ಫಲಾನುಭವಿಗಳ ಹೆಸರಿಗೆ ಒಂದೇ ಮೊಬೈಲ್ ನಂಬರ್ ಇದ್ದದ್ದನ್ನು ತೋರಿಸಿತು. ಹತ್ತೂ ಅಂಕಿ ಒಂಬತ್ತೇ! ಅಜ್ಜನ ಹೆಸರಲ್ಲಿ ಯಾರ ನಂಬರ್ ಇದೆ, ಯಾವ ಚಿಕಿತ್ಸೆ ಬರೆದಿದ್ದಾರೆ, ನೋಡಿಕೊಳ್ಳಿ. ಬಿಡುಗಡೆ ಪತ್ರ ಕೈಗೆ ಸಿಗದೆ ಆಸ್ಪತ್ರೆ ಬಿಡಬೇಡಿ.

ಡಾಕ್ಟರ್ ಖರೇನಾ?

ಖಾಸಗಿ ಕ್ಲಿನಿಕ್ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿರಬೇಕು, ನೋಂದಣಿ ಸಂಖ್ಯೆ ಕಾಣುವಂತೆ ಹಾಕಿರಬೇಕು. ಅಲೋಪಥಿಗೆ ನೀಲಿ ಫಲಕ, ಆಯುರ್ವೇದಕ್ಕೆ ಹಸಿರು ಅಂತ 2024ರಲ್ಲಿ ಆದೇಶವೂ ಆಗಿದೆ. ಸಂಖ್ಯೆ ಇಲ್ಲದ ಕಡೆ ಸಲಾಯಿನ್ ಹಚ್ಚಿಸಿಕೊಳ್ಳಬೇಡಿ. ದೂರು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ.

ಸಕ್ಕರೆ ಕಾಯಿಲೆ, ಲಕ್ವ, ಕಣ್ಣಿನ ಪೊರೆ ವಾಸಿ ಮಾಡ್ತೀವಿ ಅಂತ ಔಷಧಿಯ ಜಾಹೀರಾತು ಕೊಡೋದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಡಿ ಅಪರಾಧ. ಸಂತೆಯ ಕರಪತ್ರವೂ ಜಾಹೀರಾತೇ. ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಮನೆಯ ಕಪಾಟಿನಲ್ಲೂ ಅಂಥ ಬಾಟಲಿ ಇತ್ತು. ಲೇಬಲ್ ಮೇಲೆ ದೇವರ ಚಿತ್ರ ಇತ್ತು, ತಯಾರಿಸಿದವರ ವಿಳಾಸ ಇರಲಿಲ್ಲ. ಒಂದೇ ದಿನದಲ್ಲಿ ನೋವು ಮಾಯವಾಯಿತು ಅಂದರೆ ಖುಷಿಪಡಬೇಡಿ, ಅದರಲ್ಲಿ ಸ್ಟೆರಾಯ್ಡ್ ಇರಬಹುದು. ಬಿಪಿ, ಸಕ್ಕರೆಯ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗಬೇಕು.

ಹೆಬ್ಬೆಟ್ಟು

ರೇಷನ್, ಪಿಂಚಣಿ, ಕಾರ್ಡ್, ಎಲ್ಲಕ್ಕೂ ಹೆಬ್ಬೆಟ್ಟೇ. ಗುರುತಿಲ್ಲದವರು ‘ಉಚಿತ ತಪಾಸಣೆ’ ಅಂತ ಬಂದು ಆಧಾರ್ ಪ್ರತಿ, ಹೆಬ್ಬೆಟ್ಟು ಕೇಳಿದರೆ ಕೊಡಬೇಡಿ. ಆಧಾರ್ ಜೋಡಿಸಿದ ಖಾತೆಯಿಂದ ಹಣ ತೆಗೆಯಲು ಅಷ್ಟೇ ಸಾಕು. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ರೇಷನ್ ತರುವಾಗ ತೆಗೆದು, ಮತ್ತೆ ಹಾಕಬೇಕು. ಕಿರಿಕಿರಿ ಹೌದು, ಆದರೆ ತಿಂಗಳ ಪಿಂಚಣಿ ಹೋಗೋದಕ್ಕಿಂತ ವಾಸಿ.

ಪಿಂಚಣಿ, ಜೀವನಾಂಶ

65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ, ಅದಿಲ್ಲದೆ ನಾಳೆ ಜಗಳ ಮಾಡಕ್ಕೂ ಆಗಲ್ಲ.

ಮಕ್ಕಳು ಕೈಬಿಟ್ಟರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಸಿಗುತ್ತದೆ. ಇಂಡಿ, ಸಿಂದಗಿಯವರು ಇಂಡಿಗೆ ಹೋಗಬೇಕು. ಬಾಗೇವಾಡಿ, ಮುದ್ದೇಬಿಹಾಳದವರು ವಿಜಯಪುರಕ್ಕೆ. ಹಿರಿಯರಿಗೆ ಆಗದಿದ್ದರೆ ಅವರು ಅಧಿಕಾರ ಕೊಟ್ಟ ಇನ್ನೊಬ್ಬರು ಅರ್ಜಿ ಕೊಡಬಹುದು. ಆ ಇನ್ನೊಬ್ಬರು ನೀವೇ ಆಗಬಹುದು. ಆಸ್ತಿ ದಾನ ಕೊಡೋರು ‘ನೋಡಿಕೊಳ್ಳಬೇಕು’ ಅನ್ನೋ ಷರತ್ತನ್ನು ಪತ್ರದಲ್ಲೇ ಬರೆಸಲಿ. ಷರತ್ತು ಮುರಿದರೆ 23ನೇ ಕಲಂ ಅಡಿ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು.

ಫೋನಿನಲ್ಲಿ ಇರಲಿ

- 14567: ಹಿರಿಯರ ಸಹಾಯವಾಣಿ, ಎಲ್ಡರ್‌ಲೈನ್
- 104: ಆರೋಗ್ಯ ಸಹಾಯವಾಣಿ
- 1930: ಖಾತೆಯಿಂದ ಹಣ ಹೋದರೆ, ತಕ್ಷಣ
- 15100: ಕಾನೂನು ನೆರವು
- 1947: ಆಧಾರ್

ಕೇಳಬೇಕಾದ್ದು

2025ರ ಸೆಪ್ಟೆಂಬರ್‌ನಲ್ಲಿ ವಿಜಯಪುರದಲ್ಲಿ ‘ಪಿಪಿಪಿ ಬೇಡ, ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು’ ಅಂತ ಧರಣಿ ಶುರುವಾಯಿತು. ಆ ಬೇಡಿಕೆಯ ಜೊತೆಗೆ ಗ್ರಾಮಸಭೆಯಲ್ಲಿ ಇವನ್ನೂ ಕೇಳೋಣ: ನಮ್ಮ ಆರೋಗ್ಯ ಕೇಂದ್ರದಲ್ಲಿ ಈ ತಿಂಗಳು ಬಿಪಿ ಗುಳಿಗೆ ಎಷ್ಟಿವೆ? ಪಿಂಚಣಿ ನಿಂತವರ ಪಟ್ಟಿ ಎಲ್ಲಿ? ನ್ಯಾಯಮಂಡಳಿ ತಿಂಗಳಿಗೊಮ್ಮೆ ಮುದ್ದೇಬಿಹಾಳಕ್ಕೇ ಬಂದು ಯಾಕೆ ಕೂರಬಾರದು? ಎಂಬತ್ತರ ಅಜ್ಜಿ ಜೀವನಾಂಶ ಕೇಳಲು ಸುಮಾರು 80 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು ಅಂದರೆ ಆ ಹಕ್ಕು ಕಾಗದದ ಮೇಲಷ್ಟೇ ಇದೆ. ನಂಬರ್ ಹಂಚೋದು ಇವತ್ತಿನ ಕೆಲಸ. ಆ ದಾರಿಯನ್ನು ಗಿಡ್ಡ ಮಾಡಿಸೋದು ರಾಜಕೀಯ, ಅದೂ ನಮ್ಮದೇ ಕೆಲಸ.