ಒಂದೇ ತಂತಿ, ಇಬ್ಬರು ಯಜಮಾನರು: ಮುಂಬಯಿ ಮನೆಗಳ ಕರೆಂಟಿನ ಕಥೆ



ನಂಬರ್ ಬದಲಿಸದೆ ಮೊಬೈಲ್ ಕಂಪನಿಯನ್ನು ಬದಲಿಸುವ ಸೌಕರ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ನಮ್ಮ ಮುಂಬಯಿಯ ಉಪನಗರಗಳಲ್ಲಿ ಜನ ಕರೆಂಟಿನ ಕಂಪನಿಯನ್ನೇ ಬದಲಿಸತೊಡಗಿದ್ದರು. ತಂತಿ ಹಳೆಯದೇ, ಕಂಬವೂ ಹಳೆಯದೇ, ಬಿಲ್ಲಿನ ಮೇಲಿನ ಹೆಸರು ಮಾತ್ರ ಬೇರೆ. ಪುಣೆ, ಚೆನ್ನೈ, ದಿಲ್ಲಿಯ ನಮ್ಮ ಬಂಧುಗಳಿಗೆ ಇದನ್ನು ಹೇಳಿದರೆ "ಅದು ಹೇಗೆ ಸಾಧ್ಯ ಮಾರಾಯ್ರೆ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಬೆಂಗಳೂರಿಗೆ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದೇ ವರ್ಷ ಮುಂಬಯಿಯಲ್ಲೂ ಒಂದು ಕಂಪನಿ ಕರೆಂಟ್ ಮಾರಲು ಹೊರಟಿತು. ನಾವು ಇಂದು 'ಬೆಸ್ಟ್' ಎಂದು ಕರೆಯುವ ಸಂಸ್ಥೆಯ ಮೂಲ ಅದೇ. 1907ರಲ್ಲಿ ಅದರ ಟ್ರಾಮು ಕುದುರೆಯನ್ನು ಬಿಟ್ಟು ವಿದ್ಯುತ್ತಿನಲ್ಲಿ ಓಡಿತು. 1947ರ ಆಗಸ್ಟಿನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮೊದಲು, ಅದು ನಗರಪಾಲಿಕೆಯ ಕೈಗೆ ಬಂತು. ಕೊಲಾಬಾದಿಂದ ಮಾಹಿಮ್, ಸಯನ್ ತನಕ ಅದರದೇ ರಾಜ್ಯ.

ಇನ್ನೊಂದು ಕಡೆ ಜಮ್‌ಸೇಟ್‌ಜಿ ಟಾಟಾ ಅವರ ಕನಸು. ಸಹ್ಯಾದ್ರಿಯ ಮಳೆನೀರನ್ನು ಲೋಣಾವಳದ ಹತ್ತಿರ ಕಟ್ಟಿ ನಿಲ್ಲಿಸಿ, ಘಟ್ಟದ ಕೆಳಗೆ ಹರಿಸಿ ಕರೆಂಟ್ ಮಾಡುವುದು. ಅವರು 1904ರಲ್ಲೇ ತೀರಿಕೊಂಡರು. ಮಗ ದೊರಾಬ್ಜಿಯ ಕಾಲದಲ್ಲಿ, 1915ರಲ್ಲಿ, ಖೋಪೋಲಿಯ ವಿದ್ಯುತ್ ಕೇಂದ್ರ ಶುರುವಾಯಿತು. ಮೊದಲ ಗಿರಾಕಿಗಳು ಬಟ್ಟೆ ಗಿರಣಿಗಳು. ಕಲ್ಲಿದ್ದಲ ಹೊಗೆಯಲ್ಲಿ ಕೆಲಸ ಮಾಡುತ್ತಿದ್ದ ಗಿರಣಿ ಕಾರ್ಮಿಕರಲ್ಲಿ ನಮ್ಮ ಕನ್ನಡಿಗರೂ ಇದ್ದರು. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ಸೇರಿಕೊಂಡವು. ಟಾಟಾ ಮುಖ್ಯವಾಗಿ ಸಗಟು ವ್ಯಾಪಾರಿ: ಗಿರಣಿಗೆ, ರೈಲ್ವೆಗೆ, ಬೆಸ್ಟ್‌ಗೆ. ಮನೆ ಮನೆಯ ಚಿಲ್ಲರೆ ವ್ಯಾಪಾರ ಅದರ ದಾರಿಯಾಗಿರಲಿಲ್ಲ.

ಉಪನಗರಕ್ಕೆ 1929ರಲ್ಲಿ ಬೇರೊಂದು ಕಂಪನಿ ಹುಟ್ಟಿತು. ಅದೇ ಬಿ.ಎಸ್.ಇ.ಎಸ್. ಬಾಂದ್ರಾದಿಂದ ಆಚೆ ಅಂಧೇರಿ, ಬೊರಿವಲಿವರೆಗೆ ಹಳ್ಳಿಗಳು ಕಾಲೋನಿಗಳಾದಂತೆ ಅದರ ತಂತಿಯೂ ಬೆಳೆಯಿತು. 2003ರ ಹೊತ್ತಿಗೆ ಅದು ರಿಲಯನ್ಸ್ ಗುಂಪಿನ ಕೈ ಸೇರಿತು. ಭಾಂಡೂಪ್, ಮುಲುಂಡ್ ಕಡೆಯವರಿಗೆ ರಾಜ್ಯ ಸರಕಾರದ್ದೇ ಕಂಪನಿ. ಹೀಗೆ ಒಂದೇ ಊರಿನಲ್ಲಿ ಮೂರು ಬಗೆಯ ಬಿಲ್, ಮೂರು ಬಗೆಯ ದರ. ಮಾಟುಂಗದಿಂದ ಅಂಧೇರಿಗೆ ಮನೆ ಬದಲಿಸಿದವರಿಗೆ ಇದು ಮೊದಲ ತಿಂಗಳ ಬಿಲ್ಲಿನಲ್ಲೇ ಗೊತ್ತಾಗುತ್ತಿತ್ತು.

2003ರ ಹೊಸ ವಿದ್ಯುತ್ ಕಾಯಿದೆ ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಕರೆಂಟ್ ಹಂಚಬಹುದು ಎಂದಿತು. ಆ ಹೊತ್ತಿಗೆ ಟಾಟಾ ಮತ್ತು ರಿಲಯನ್ಸ್ ನಡುವೆ ಜಗಳ ಜೋರಾಗಿಯೇ ಇತ್ತು. ಸಣ್ಣ ಮನೆಗಳಿಗೆ ನೇರ ಕರೆಂಟ್ ಕೊಡುವ ಹಕ್ಕು ಟಾಟಾಗೆ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಕೋರ್ಟಿನಲ್ಲಿ ಬಿಚ್ಚಿಟ್ಟ ಕಾಗದ ಯಾವುದು ಗೊತ್ತೇ? 1907ರ ಬ್ರಿಟಿಷ್ ಕಾಲದ ಲೈಸೆನ್ಸು! ವಕೀಲರು ಅದರ ಒಂದೊಂದು ಪದ ಹಿಡಿದು ವಾದಿಸಿದರು. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟು ಟಾಟಾ ಪರವಾಗಿ ತೀರ್ಪು ಕೊಟ್ಟಿತು. ತನ್ನ ಪ್ರದೇಶದಲ್ಲಿ ಅದು ಚಿಲ್ಲರೆ ಗಿರಾಕಿಗಳಿಗೂ ಮಾರಬಹುದು ಎಂದಾಯಿತು.

ಹಕ್ಕೇನೋ ಸಿಕ್ಕಿತು, ಮನೆ ಮುಟ್ಟುವ ತಂತಿ ಎಲ್ಲಿದೆ? ಅದು ರಿಲಯನ್ಸಿನದು. ಮುಂಬಯಿಯ ರಸ್ತೆ ಅಗೆದು ಇನ್ನೊಂದು ಕೇಬಲ್ ಹಾಕುವುದೆಂದರೆ ಸುಲಭವೇ? ಮಳೆಗಾಲದ ಗುಂಡಿಗಳನ್ನು ದಾಟಿ ಸ್ಟೇಶನ್ ಸೇರುವವರಿಗೆ ನಾನು ಹೇಳಬೇಕಾಗಿಲ್ಲ. ಕೊನೆಗೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ 2009ರ ಅಕ್ಟೋಬರಿನಲ್ಲಿ ದಾರಿ ತೋರಿಸಿತು. ರಿಲಯನ್ಸಿನ ತಂತಿಯಲ್ಲೇ ಟಾಟಾ ಕರೆಂಟ್ ಬರಲಿ, ತಂತಿಯ ಬಾಡಿಗೆಯನ್ನು, ಅಂದರೆ ವ್ಹೀಲಿಂಗ್ ಚಾರ್ಜನ್ನು, ಗಿರಾಕಿ ಕಟ್ಟಲಿ. ಇದಕ್ಕೆ 'ಚೇಂಜ್‌ಓವರ್' ಎಂದು ಹೆಸರು. ಟಾಟಾದ ಸ್ವಂತ ತಂತಿಗೇ ಹೋದರೆ ಅದು 'ಸ್ವಿಚ್‌ಓವರ್'. ನಿಜ ಹೇಳಬೇಕೆಂದರೆ ತಂತಿಯಲ್ಲಿ ಬರುವ ಕರೆಂಟಿಗೆ ಹೆಸರು ಬರೆದಿರುವುದಿಲ್ಲ. ಯಾರು ಎಷ್ಟು ಸುರಿದರು, ಯಾರ ಗಿರಾಕಿ ಎಷ್ಟು ಬಳಸಿದ ಎಂಬ ಲೆಕ್ಕ ಮಾತ್ರ ಬೇರೆ. ಹಾಗಾಗಿ ಫ್ಯೂಸ್ ಹೋದರೆ ದೂರು ಹೇಳಬೇಕಾದದ್ದು ಬಿಲ್ ಕಳಿಸುವವರಿಗಲ್ಲ, ತಂತಿಯ ಯಜಮಾನರಿಗೆ.

ಟಾಟಾ ದರ ಆಗ ಕಡಿಮೆ ಇತ್ತು. ಹಳೆಯ ಜಲವಿದ್ಯುತ್ ಕೇಂದ್ರಗಳು ಇದ್ದವಲ್ಲ! ತನ್ನ ಕರೆಂಟನ್ನು ಯಾರಿಗೆ ಕೊಡಬೇಕೆಂದು ಟಾಟಾ ತಾನೇ ನಿರ್ಧರಿಸಬಹುದೆಂದು 2009ರಲ್ಲಿ ಕೋರ್ಟೂ ಹೇಳಿತ್ತು. ಸೊಸೈಟಿ ಸೊಸೈಟಿಗಳಲ್ಲಿ ಲೆಕ್ಕ ಶುರುವಾಯಿತು. ನಮ್ಮ ಮೆಟ್ಟಿಲ ಮೇಲೆಯೇ ಭಾನುವಾರ ಬೆಳಿಗ್ಗೆ ಎರಡು ಬಿಲ್ ಹಿಡಿದು ಚರ್ಚೆ ನಡೆಯುತ್ತಿತ್ತು. ಮಾತಿಗೆ ಕನ್ನಡ, ಮರಾಠಿ, ಗುಜರಾತಿ ಎಲ್ಲವೂ ಇದ್ದವು, ಲೆಕ್ಕ ಮಾತ್ರ ಒಂದೇ. ಲಕ್ಷಗಟ್ಟಲೆ ಮನೆಗಳು ಬದಲಾದವು.

ಇಲ್ಲೇ ಗಂಟು ಬಿದ್ದದ್ದು. ನಮ್ಮ ದೇಶದಲ್ಲಿ ಹೆಚ್ಚು ಯೂನಿಟ್ ಬಳಸುವವರು ಹೆಚ್ಚು ದರ ಕೊಟ್ಟು ಸಣ್ಣವರ ಬಿಲ್ಲಿನ ಒಂದು ಪಾಲನ್ನು ಹೊರುತ್ತಾರೆ. ಎ.ಸಿ. ಇರುವ ದೊಡ್ಡ ಫ್ಲ್ಯಾಟು, ಅಂಗಡಿ, ಆಫೀಸುಗಳು ಮೊದಲು ಹೊರಟುಬಿಟ್ಟರೆ ಉಳಿದ ಚಾಳಿನವರ ಭಾರ ಹೊರುವವರು ಯಾರು? ಹೊರಟವರ ಮೇಲೆ 2011ರಲ್ಲಿ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಬಂತು. ಉಳಿತಾಯದ ಲೆಕ್ಕ ತಲೆಕೆಳಗಾಯಿತು. 2012ರಲ್ಲಿ ಆಯೋಗ ಇನ್ನೂ ಮುಂದೆ ಹೋಗಿ, ಸದ್ಯಕ್ಕೆ ತಿಂಗಳಿಗೆ 300 ಯೂನಿಟ್ ಒಳಗಿನ ಮನೆಗಳು ಮಾತ್ರ ಬದಲಾಗಬಹುದು ಎಂದಿತು. ಆ ಆಜ್ಞೆಯೂ ಮೇಲ್ಮನವಿಗೆ ಹೋಯಿತು. ನನ್ನ ಮಟ್ಟಿಗೆ ಆಯೋಗದ ಚಿಂತೆ ಸರಿಯೇ, ಆದರೆ ನಡುದಾರಿಯಲ್ಲಿ ನಿಯಮ ಬದಲಾದರೆ ಸಾಮಾನ್ಯ ಗಿರಾಕಿ ಏನು ನಂಬಿ ಅರ್ಜಿ ತುಂಬಬೇಕು? ದರ ಪ್ರತಿ ಬಾರಿ ಪರಿಷ್ಕಾರವಾದಾಗಲೂ ತಕ್ಕಡಿ ತೂಗಾಡಿತು. ಹೋದವರಲ್ಲಿ ಮರಳಿ ಬಂದವರೂ ಇದ್ದಾರೆ.

ಬೆಸ್ಟ್ ಪ್ರದೇಶದವರ ಕಥೆ ಬೇರೆ. ಅದು ಸ್ಥಳೀಯ ಸಂಸ್ಥೆಯದಾದ್ದರಿಂದ ತನ್ನ ತಂತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕೆಂಬ ಕಡ್ಡಾಯದಿಂದ ಕಾಯಿದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಕರೆಂಟಿನ ಆದಾಯದಿಂದಲೇ ಬಸ್ಸಿನ ನಷ್ಟ ತುಂಬುತ್ತಿದ್ದ ಸಂಸ್ಥೆಗೆ ಗಿರಾಕಿ ಕೈಬಿಡುವುದೆಂದರೆ ಕೆಂಪು ಬಸ್ಸಿನ ಡೀಸೆಲ್ಲಿಗೇ ಕುತ್ತು. ಹೀಗಾಗಿ ಮಾಟುಂಗದ ಮೈಸೂರು ಅಸೋಸಿಯೇಶನ್ ಸುತ್ತಮುತ್ತಲಿನ ನಮ್ಮವರು ಬೆಸ್ಟ್ ತಂತಿಯಲ್ಲಿ ಬೇರೆಯವರ ಕರೆಂಟ್ ಪಡೆಯಲಾಗಲಿಲ್ಲ. ಸಾಂತಾಕ್ರೂಜ್‌ನ ಬಿಲ್ಲವ ಭವನದ ಸುತ್ತಿನವರಿಗೆ ಆಯ್ಕೆ ಸಿಕ್ಕಿತ್ತು.

2018ರ ಆಗಸ್ಟಿನಲ್ಲಿ ರಿಲಯನ್ಸಿನ ಮುಂಬಯಿ ವ್ಯವಹಾರ ಅದಾನಿ ಕೈಗೆ ಹೋಯಿತು. ಬಿ.ಎಸ್.ಇ.ಎಸ್. ಎಂದೇ ಹೇಳುವ ಹಿರಿಯರು ಇನ್ನೂ ನಮ್ಮ ಬಿಲ್ಡಿಂಗಿನಲ್ಲಿದ್ದಾರೆ. ಬದಲಾಯಿಸುವ ಯೋಚನೆ ಇರುವ ಉಪನಗರದವರು ಬರೇ ಯೂನಿಟ್ ದರ ನೋಡಿ ಅರ್ಜಿ ಹಾಕಬೇಡಿ. ನಿಮ್ಮ ಹನ್ನೆರಡು ತಿಂಗಳ ಬಿಲ್ ತೆಗೆದು, ಮೇ ತಿಂಗಳ ಯೂನಿಟ್ಟನ್ನೂ ಜನವರಿಯದನ್ನೂ ಬೇರೆ ಬೇರೆ ಇಟ್ಟು, ವ್ಹೀಲಿಂಗ್ ಚಾರ್ಜ್, ಸ್ಥಿರ ಶುಲ್ಕ ಎಲ್ಲ ಕೂಡಿಸಿ, ಎರಡೂ ಕಂಪನಿಯ ಈ ವರ್ಷದ ದರಪಟ್ಟಿಯಲ್ಲಿ ಗುಣಿಸಿ ನೋಡಿ.